ಓದಿಗೇಕೆ ಮಡಿ?

ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅನಕೃ, ತರಾಸು ಅವರ ಹೊತ್ತಿಗೆ ಕಾದಂಬರಿಗಾಗಿ ಕಾದು ಕೂರುವ ದೊಡ್ಡ ಓದುಗ ಬಳಗವೇ ಕನ್ನಡದಲ್ಲಿ ಹುಟ್ಟಿಕೊಂಡಿತ್ತು. ಆ ಬಳಗ ಓದಿದ್ದು ಕಥೆಯ ಸುಖಕ್ಕಾಗಿ. ಅದಕ್ಕೆ ನಾಚಿಕೊಳ್ಳಬೇಕೆಂದು ಅವರಿಗೆ ಅನ್ನಿಸಿರಲಾರದು.

ನಾಚಿಕೆ ಆಮೇಲೆ ಬಂತು. ಅಡಿಗರ ‘ಸಾಕ್ಷಿ’ ಪತ್ರಿಕೆಯ ಸುತ್ತ ಬೆಳೆದ ನವ್ಯ ವಿಮರ್ಶೆಯ ಋಣ ನಮ್ಮ ಮೇಲೆ ದೊಡ್ಡದಿದೆ. ಒಂದು ಸಾಲಿನ ಮುಂದೆ ನಿಂತು ಯೋಚಿಸುವುದನ್ನು, ಅಗ್ಗದ ಭಾವಾವೇಶವನ್ನು ಗುರುತಿಸುವುದನ್ನು ಅದು ಕಲಿಸಿತು. ಆದರೆ ಬರಬರುತ್ತಾ ಆ ಪಂಥ ಕೃತಿಯನ್ನು ಅಳೆಯುವ ಕೋಲಿನಿಂದ ಓದುಗರನ್ನೇ ಅಳೆಯತೊಡಗಿತು. ವಾರಪತ್ರಿಕೆಯ ಧಾರಾವಾಹಿಗೆ ಕಾಯುವವರು ಕೆಳಗಿನ ಪಂಕ್ತಿಗೆ ಸರಿದರು. ಹೆಂಗಸರು ಬರೆದ ಕಾದಂಬರಿಗಳಿಗೆ ‘ಅಡುಗೆಮನೆ ಸಾಹಿತ್ಯ’ ಎಂಬ ಹಣೆಪಟ್ಟಿ ಬಿತ್ತು. ಓದಿ ನೋಡುವ ಮೊದಲೇ ತೀರ್ಪು ಕೊಡುವುದು ನಿಕಟ ಓದನ್ನೇ ವ್ರತವಾಗಿ ಹಿಡಿದ ಪಂಥಕ್ಕೆ ಒಪ್ಪುವಂಥದ್ದಲ್ಲ.

ತ್ರಿವೇಣಿಯವರ ‘ಶರಪಂಜರ’ವನ್ನೇ ನೋಡಿ. ಕಾವೇರಿ ಮನೋರೋಗದಿಂದ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ವೈದ್ಯರ ಪಾಲಿಗೆ ಕಾಯಿಲೆ ಮುಗಿದಿದೆ, ಸುತ್ತಲಿನವರ ಪಾಲಿಗೆ ಮುಗಿದಿಲ್ಲ. ಅವಳು ನಕ್ಕರೂ ಅನುಮಾನ, ಸಿಡುಕಿದರೂ ಅನುಮಾನ. ಬೇರೆ ಯಾವ ಹೆಂಡತಿಗಾದರೂ ಬರುವ ನ್ಯಾಯವಾದ ಸಿಟ್ಟು ಇವಳಿಗೆ ಬಂದರೆ ಅದು ರೋಗದ ಲಕ್ಷಣವಾಗುತ್ತದೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಇದನ್ನು ಶಾಸ್ತ್ರದ ಭಾರವಿಲ್ಲದ ಮನೆಮಾತಿನಲ್ಲಿ ಹೇಳುತ್ತಾರೆ. ಮುಂದೇನಾದೀತು ಎಂಬ ಕಾತರ ಇಲ್ಲಿ ಬರೀ ಪುಟ ತಿರುಗಿಸುವುದಕ್ಕೆ ಇಟ್ಟದ್ದಲ್ಲ. ಇವಳಿಗೆ ಮತ್ತೆ ಹಾಗಾಗುತ್ತದೋ ಏನೋ ಎಂದು ಕಾಯುತ್ತಾ ಹೋಗುವ ನಾವೂ, ಅವಳನ್ನು ಅನುಮಾನದಿಂದ ನೋಡುವವರ ಸಾಲಿನಲ್ಲೇ ನಿಂತಿರುತ್ತೇವೆ. ಕಥನದ ಕುತೂಹಲವನ್ನು ಇಷ್ಟು ನೈತಿಕವಾಗಿ ದುಡಿಸಿಕೊಂಡ ಬರಹ ‘ಗಂಭೀರ’ ಕಾದಂಬರಿಗಳಲ್ಲೂ ವಿರಳ. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ಅವರು ತೀರಿಕೊಂಡರು. ಇನ್ನೊಂದಿಷ್ಟು ಕಾಲ ಬದುಕಿದ್ದರೆ ಎಂದು ಈಗಲೂ ಮನಸ್ಸು ಮರುಗುತ್ತದೆ.

ಹಾಗೆಂದು ಜನಪ್ರಿಯವಾದದ್ದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಧಾರಾವಾಹಿಯ ಕಂತು ತುಂಬಿಸಲೆಂದೇ ಎಳೆದ ಅಧ್ಯಾಯಗಳಿವೆ. ಪ್ರಶ್ನೆ ಕೇಳಲು ಎದ್ದ ನಾಯಕಿಯನ್ನು ಕೊನೆಯ ಕಂತಿನಲ್ಲಿ ಸುಮ್ಮನಾಗಿಸಿ ಸಂಸಾರಕ್ಕೆ ಸೇರಿಸುವ ಪುಕ್ಕಲುತನವೂ ಧಾರಾಳವಾಗಿದೆ. ಪುರುಷೋತ್ತಮನಂಥ ಪತ್ತೇದಾರರನ್ನು ಸೃಷ್ಟಿಸಿ ಐನೂರರಷ್ಟು ಕಾದಂಬರಿ ಬರೆದ ಎನ್. ನರಸಿಂಹಯ್ಯನವರಲ್ಲಿ ಪಾತ್ರಗಳು ಆಳಕ್ಕಿಳಿಯುವುದಿಲ್ಲ. ಆದರೆ ಅವರ ವಾಕ್ಯಗಳು ಚಿಕ್ಕವು, ಚುರುಕಾದವು. ಆಗಷ್ಟೇ ಅಕ್ಷರ ಕಲಿತವರೂ ಎಡವದೆ ಓದಬಹುದು. ಬಾಡಿಗೆ ಲೈಬ್ರರಿಯಿಂದ ದಿನಕ್ಕೊಂದು ಪುಸ್ತಕ ತಂದು ಮುಗಿಸಿದವರಲ್ಲಿ ಎಷ್ಟೋ ಮಂದಿ ಮುಂದೆ ಕಾರಂತರನ್ನೂ ಭೈರಪ್ಪನವರನ್ನೂ ಓದಿದರು. ಎಷ್ಟೋ ಮಂದಿ ಪತ್ತೇದಾರಿಯಲ್ಲೇ ಉಳಿದರು. ಆ ಎರಡನೆಯವರ ಓದು ವ್ಯರ್ಥವಾಯಿತೆಂದು ನನಗೆ ಅನ್ನಿಸುವುದಿಲ್ಲ.

ಗಂಭೀರ, ಜನಪ್ರಿಯ ಎಂಬ ಈ ಎರಡು ಪಂಕ್ತಿಗಳ ನಡುವಿನ ಗೋಡೆಯನ್ನು ಒಳಗಿನಿಂದ ಒಡೆದವರು ತೇಜಸ್ವಿ. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯದ ಹಾದಿಯಿಂದ ಬೇರೆಯಾದ ಅವರು, ‘ಜುಗಾರಿ ಕ್ರಾಸ್’ನಲ್ಲಿ ಪತ್ತೇದಾರಿ ಕಥೆಯ ಓಟವನ್ನೇ ಹಿಡಿದು ಮಲೆನಾಡಿನ ಕಾಡು, ಕಳ್ಳದಂಧೆ, ರೈತನ ಸಂಕಟವನ್ನು ಹೇಳಿದರು. ಅದಕ್ಕೆ ವಿಮರ್ಶಕರ ಮೆಚ್ಚುಗೆ ದೊರೆಯಿತು. ಆ ಓಟವನ್ನು ದಶಕಗಳ ಕಾಲ ಪಳಗಿಸಿದವರ ಹೆಸರನ್ನು ಮಾತ್ರ ಹೇಳುವವರು ಕಡಿಮೆ.

ಬಾಡಿಗೆ ಲೈಬ್ರರಿಗಳು ಒಂದೊಂದಾಗಿ ಮುಚ್ಚಿದಂತೆ ರಟ್ಟು ಕಟ್ಟಿದ ಆ ಪುಸ್ತಕಗಳೂ ರದ್ದಿಗೆ ಹೋಗುತ್ತಿವೆ. ಉಳಿದಷ್ಟನ್ನಾದರೂ ಒಂದೆಡೆ ಸೇರಿಸಿ, ನವ್ಯರು ಕವಿತೆಗೆ ಕೊಟ್ಟ ತಾಳ್ಮೆಯನ್ನೇ ಇವಕ್ಕೂ ಕೊಟ್ಟು, ಯಾವುದು ಜೊಳ್ಳು, ಯಾವುದು ಗಟ್ಟಿ ಎಂದು ಓದಿಯೇ ಹೇಳುವ ವಿಮರ್ಶಕರು ಈಗ ಬೇಕು.