ಗಣಿತಸಾರಸಂಗ್ರಹದ 'ನಿರುದ್ಧ': ಒಂದು ಅರ್ಥವಿಮರ್ಶೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. ೯ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ರಚಿಸಿದ 'ಗಣಿತಸಾರಸಂಗ್ರಹ'ವು ಜೈನ ವಿದ್ವಾಂಸರಿಗೆ ಸುಪರಿಚಿತವಾದ ಗ್ರಂಥ. ಅದರ ಕಲಾಸವರ್ಣ ವ್ಯವಹಾರದಲ್ಲಿ, ಭಾಗಜಾತಿಯನ್ನು ನಿರೂಪಿಸುವ ಸಂದರ್ಭದಲ್ಲಿ, 'ನಿರುದ್ಧ' ಎಂಬ ಪಾರಿಭಾಷಿಕ ಶಬ್ದವೊಂದು ಬರುತ್ತದೆ. ನಿರುದ್ಧವೆಂದರೆ ಇಂದಿನ ಶಾಲಾ ಪಠ್ಯಗಳ ಲಘುತಮ ಸಾಮಾನ್ಯ ಅಪವರ್ತ್ಯ, ಅರ್ಥಾತ್ ಲ.ಸಾ.ಅ.; ಭಾರತದಲ್ಲಿ ಅದನ್ನು ಮೊದಲು ಹೇಳಿದವರು ಮಹಾವೀರಾಚಾರ್ಯರು ಎಂಬ ಮಾತು ಗಣಿತ ಚರಿತ್ರೆಯ ಲೇಖನಗಳಲ್ಲಿ ಮತ್ತೆ ಮತ್ತೆ ಕಾಣಸಿಗುತ್ತದೆ. ಈ ಮಾತು ಅಸತ್ಯವಲ್ಲ. ಆದರೆ ಪ್ರಶಂಸೆಯಲ್ಲಿಯೇ ನಿಂತುಬಿಟ್ಟರೆ ಸೂತ್ರದ ಅರ್ಥವನ್ನು ಅಂಕೆಗಳ ಮೇಲೆ ಪ್ರಯೋಗಿಸಿ ನೋಡುವ ಕೆಲಸ ಉಳಿದುಹೋಗುತ್ತದೆ. ಪ್ರಕೃತ ಲೇಖನದಲ್ಲಿ ಆ ಪರೀಕ್ಷೆಯನ್ನೇ ಕೈಗೊಳ್ಳಲಾಗಿದೆ.

ಮೊದಲು ವಿಷಯದ ಹಿನ್ನೆಲೆ. ಭಿನ್ನರಾಶಿಗಳನ್ನು ಕೂಡಬೇಕಾದರೆ ಅವು ಸಮಚ್ಛೇದವಾಗಬೇಕು. ಬ್ರಹ್ಮಗುಪ್ತನು (ಕ್ರಿ.ಶ. ೬೨೮) ಒಂದರ ಅಂಶಚ್ಛೇದಗಳನ್ನು ಮತ್ತೊಂದರ ಛೇದದಿಂದ ಗುಣಿಸುವ ಕ್ರಮವನ್ನು ಹೇಳಿದನು. ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ (ಕ್ರಿ.ಶ. ೧೧೫೦) ಆ ಕ್ರಮವನ್ನೇ ವಿಧಿಸಿ, ಬುದ್ಧಿವಂತರು ಅಪವರ್ತಿಸಿದ ಛೇದಗಳಿಂದಲೂ ಗುಣಿಸಬಹುದೆಂದು ಸೂಚಿಸಿದನು. ಇವರಿಬ್ಬರ ನಡುವಿನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಇದನ್ನು ಸೂಚನೆಯ ಮಟ್ಟದಲ್ಲಿ ಬಿಡದೆ ಪ್ರತ್ಯೇಕ ಸಂಜ್ಞೆಯನ್ನೂ ವಿಧಿಯನ್ನೂ ಕೊಟ್ಟರು. ಸೂತ್ರದ ತಾತ್ಪರ್ಯ ಹೀಗೆ: ಛೇದಗಳ ಅಪವರ್ತಕಗಳನ್ನೂ, ಅವುಗಳಿಂದ ಭಾಗಿಸಿದಾಗ ದೊರೆತ ಲಬ್ಧಗಳನ್ನೂ ಪರಸ್ಪರ ಗುಣಿಸಿದರೆ ನಿರುದ್ಧವಾಗುತ್ತದೆ, ನಿರುದ್ಧವನ್ನು ಆಯಾ ಛೇದದಿಂದ ಭಾಗಿಸಿ, ಬಂದ ಫಲದಿಂದ ಆಯಾ ಅಂಶಚ್ಛೇದಗಳನ್ನು ಗುಣಿಸಿದರೆ ಸಮಚ್ಛೇದ ಸಿದ್ಧಿಸುತ್ತದೆ.

ಪ್ರಾಥಮ್ಯದ ಪ್ರಶ್ನೆಯನ್ನು ಸಂಕ್ಷೇಪವಾಗಿ ಮುಗಿಸಬಹುದು. ವಿಭೂತಿಭೂಷಣ ದತ್ತ ಮತ್ತು ಅವಧೇಶ ನಾರಾಯಣ ಸಿಂಹ ಇವರು ೧೯೩೫ರಲ್ಲಿ ಪ್ರಕಟವಾದ ತಮ್ಮ ಹಿಂದೂ ಗಣಿತಶಾಸ್ತ್ರದ ಇತಿಹಾಸದಲ್ಲಿ ಮಹಾವೀರಾಚಾರ್ಯರಿಗೆ ಕೊಟ್ಟ ಅಗ್ರಸ್ಥಾನವು ಭಾರತೀಯ ಗಣಿತಜ್ಞರ ನಡುವಿನದು. ಗ್ರೀಸಿನ ಯೂಕ್ಲಿಡನು ಬಹು ಹಿಂದೆಯೇ ತನ್ನ ಗ್ರಂಥದ ಏಳನೆಯ ಭಾಗದಲ್ಲಿ ಇಂತಹ ಕನಿಷ್ಠ ಸಂಖ್ಯೆಯನ್ನು ಕಂಡುಹಿಡಿಯುವುದನ್ನು ನಿರೂಪಿಸಿದ್ದಾನೆ. ಇನ್ನು ಸಾಮಾನ್ಯ ಅಪವರ್ತ್ಯದ ಕಲ್ಪನೆಯಾದರೋ ನಮ್ಮ ಆಗಮದಲ್ಲಿಯೇ ಇದೆ. ಸೂರ್ಯಪ್ರಜ್ಞಪ್ತಿಯ ಪಂಚವರ್ಷಾತ್ಮಕ ಯುಗದಲ್ಲಿ ೧೮೩೦ ದಿನಗಳು. ಅವುಗಳಲ್ಲಿ ಸೌರಮಾಸಗಳು ೬೦, ಸಾವನಮಾಸಗಳು ೬೧, ಚಾಂದ್ರಮಾಸಗಳು ೬೨, ನಾಕ್ಷತ್ರಮಾಸಗಳು ೬೭. ಈ ನಾಲ್ಕು ಮಾನಗಳೂ ಶೇಷವಿಲ್ಲದೆ ಒಟ್ಟಿಗೆ ಮುಗಿಯುವ ಅತ್ಯಲ್ಪ ದಿನಸಂಖ್ಯೆ ೧೮೩೦ ಎಂಬುದನ್ನು ಯಾರು ಬೇಕಾದರೂ ಲೆಕ್ಕ ಮಾಡಿ ನೋಡಬಹುದು. ಆದ್ದರಿಂದ ಮಹಾವೀರಾಚಾರ್ಯರ ಹಿರಿಮೆಯನ್ನು ಕಲ್ಪನೆಯ ಹೊಸತನದಲ್ಲಿ ಹುಡುಕಬಾರದು. ಅದನ್ನು ಭಿನ್ನಗಣಿತದ ನಿತ್ಯವಿಧಿಯಾಗಿ ಅಳವಡಿಸಿದುದರಲ್ಲಿ ಕಾಣಬೇಕು.

ಈಗ ಸೂತ್ರಾರ್ಥ. 'ಛೇದಗಳ ಅಪವರ್ತಕ' ಎಂದರೇನು? ಎಲ್ಲ ಛೇದಗಳನ್ನೂ ಭಾಗಿಸುವ ಸಂಖ್ಯೆಯೆಂಬುದು ಒಂದು ಪಕ್ಷ. ಕೆಲವನ್ನು, ಕನಿಷ್ಠ ಎರಡನ್ನು, ಭಾಗಿಸುವ ಸಂಖ್ಯೆಯೆಂಬುದು ಎರಡನೆಯ ಪಕ್ಷ. ಛೇದಗಳು ೧೨, ೧೮, ೩೦ ಆಗಿದ್ದರೆ ಮೊದಲ ಪಕ್ಷದಿಂದಲೂ ಬಾಧಕವಿಲ್ಲ. ಅಪವರ್ತಕ ೬, ಲಬ್ಧಗಳು ೨, ೩, ೫. ಗುಣಿಸಿದರೆ ೧೮೦, ಇದೇ ನಿರುದ್ಧ. ಛೇದಗಳು ೬, ೧೦, ೧೫ ಆದಾಗ ಈ ಪಕ್ಷ ನಿಲ್ಲುವುದಿಲ್ಲ. ಮೂರನ್ನೂ ಭಾಗಿಸುವ ಸಂಖ್ಯೆ ಒಂದನ್ನು ಬಿಟ್ಟರೆ ಬೇರೆ ಇಲ್ಲ. ಆದ್ದರಿಂದ ಮೂರನ್ನೂ ಗುಣಿಸಿ ೯೦೦ ಎನ್ನಬೇಕಾಗುತ್ತದೆ. ಎರಡನೆಯ ಪಕ್ಷದಂತೆ ೨ರಿಂದ ಅಪವರ್ತಿಸಿದರೆ ೩, ೫, ೧೫. ೩ರಿಂದ ೧, ೫, ೫. ೫ರಿಂದ ೧, ೧, ೧. ಅಪವರ್ತಕಗಳ ಗುಣಲಬ್ಧ ೩೦. ಇದೇ ಸರಿಯಾದ ನಿರುದ್ಧ.

ಮೂಲದಲ್ಲಿ ಅಪವರ್ತಕ ಶಬ್ದವು ಬಹುವಚನದಲ್ಲಿದೆಯೆಂಬುದನ್ನು ಇಲ್ಲಿ ಗಮನಿಸಬೇಕು. ಮಹತ್ತಮವಾದ ಒಂದೇ ಅಪವರ್ತಕದಿಂದ ಒಮ್ಮೆ ಭಾಗಿಸಿ ನಿಲ್ಲಬೇಕೆಂಬುದು ಆಚಾರ್ಯರ ಅಭಿಪ್ರಾಯವಾಗಿದ್ದರೆ ಬಹುವಚನಕ್ಕೆ ಅವಕಾಶ ಕಡಿಮೆ. ಅಪವರ್ತನವು ಮೇಲಿಂದ ಮೇಲೆ ನಡೆಯಬೇಕೆಂಬುದಕ್ಕೆ ಇದು ಪೋಷಕ. ಆದರೂ ಎರಡನೆಯ ಪಕ್ಷವನ್ನು ಸಂಪೂರ್ಣವಾಗಿ ಸ್ಥಾಪಿಸಲು ವಚನವೊಂದೇ ಸಾಲದು. ಫಲದ ಲಾಘವವೂ ಜೊತೆಗೆ ಬೇಕು.

ಎರಡನೆಯ ಪಕ್ಷದಲ್ಲಿಯೂ ಒಂದು ಎಚ್ಚರಿಕೆ ಅವಶ್ಯ. ಛೇದಗಳು ೧೨, ೧೮, ೪ ಎಂದಿಟ್ಟುಕೊಳ್ಳೋಣ. ಮೊದಲೆರಡನ್ನು ೬ರಿಂದ ಅಪವರ್ತಿಸಿದರೆ ೨, ೩, ೪ ಉಳಿಯುತ್ತವೆ. ಮತ್ತೆ ೨ರಿಂದ ಅಪವರ್ತಿಸಿದರೆ ೧, ೩, ೨. ಎಲ್ಲವನ್ನೂ ಗುಣಿಸಿದರೆ ೭೨. ನಿಜವಾದ ನಿರುದ್ಧ ೩೬. ದೋಷವೆಲ್ಲಿ? ೬ರಲ್ಲಿ ಅಡಗಿದ ೨ನ್ನು ೪ರಿಂದ ತೆಗೆಯದೆ ಬಿಟ್ಟುದರಲ್ಲಿ. ಕ್ರಮವಾಗಿ ೨, ೨, ೩ರಿಂದ ಅಪವರ್ತಿಸಿದರೆ ೧, ೩, ೧ ಉಳಿದು ೩೬ ಬರುತ್ತದೆ. ಆದ್ದರಿಂದ ಅಪವರ್ತಕವು ಅವಿಭಾಜ್ಯ ಸಂಖ್ಯೆಯಾಗಿರಬೇಕು, ಇಲ್ಲವೆ ಎಲ್ಲ ಛೇದಗಳನ್ನೂ ಭಾಗಿಸುವಂತಿರಬೇಕು ಎಂಬ ವಿವರಣೆಯನ್ನು ವ್ಯಾಖ್ಯಾನಕಾರನು ಕೊಡಲೇಬೇಕು. ಗುರುಮುಖದಿಂದ ಕಲಿಯುವ ಶಿಷ್ಯನಿಗೆ ಇದು ಪಾಠದಲ್ಲಿಯೇ ದೊರೆಯುತ್ತದೆ. ಮುದ್ರಿತ ಗ್ರಂಥವನ್ನು ಮಾತ್ರ ಓದುವವನಿಗೆ ದೊರೆಯುವುದಿಲ್ಲ.

ಇಷ್ಟೇ ಆಗಿದ್ದರೆ ಇದು ಗಣಿತಾಧ್ಯಾಪಕರ ವಿಷಯವಾಗುತ್ತಿತ್ತು. ಹಸ್ತಪ್ರತಿ ಸಂಪಾದಕರನ್ನೂ ಇದು ನೇರವಾಗಿ ತಟ್ಟುತ್ತದೆ. ಆರನೆಯ ಒಂದು, ಹತ್ತನೆಯ ಒಂದು, ಹದಿನೈದನೆಯ ಒಂದು ಭಾಗಗಳನ್ನು ಕೂಡೋಣ. ನಿರುದ್ಧ ೩೦ ಎಂದು ಹಿಡಿದರೆ ಅಂಶಗಳು ೫, ೩, ೨. ಮೊತ್ತ ಮೂವತ್ತರಲ್ಲಿ ಹತ್ತು, ಎಂದರೆ ಮೂರನೆಯ ಒಂದು ಭಾಗ. ೯೦೦ ಎಂದು ಹಿಡಿದರೆ ಅಂಶಗಳು ೧೫೦, ೯೦, ೬೦. ಮೊತ್ತ ಒಂಬೈನೂರರಲ್ಲಿ ಮುನ್ನೂರು. ಅದೂ ಮೂರನೆಯ ಒಂದು ಭಾಗವೇ. ವಿಧಿ ತಪ್ಪಿದರೂ ಉತ್ತರ ತಪ್ಪುವುದಿಲ್ಲ! ಗಣಿತ ಗ್ರಂಥದ ಪಾಠವನ್ನು ಉತ್ತರದಿಂದ ಶೋಧಿಸಬಹುದೆಂಬುದು ಸಂಪಾದಕರ ಸಾಮಾನ್ಯ ನಂಬಿಕೆ. ಕ್ಷೇತ್ರಗಣಿತದಲ್ಲಿಯೂ ತ್ರೈರಾಶಿಕದಲ್ಲಿಯೂ ಅದು ಬಹುಮಟ್ಟಿಗೆ ಸಲ್ಲುತ್ತದೆ. ನಿರುದ್ಧದಲ್ಲಿ ಮಾತ್ರ ಉತ್ತರವು ಸಾಕ್ಷಿಯಾಗಲಾರದು. ಸೂತ್ರವನ್ನು ಹೇಗೆ ಅರ್ಥಮಾಡಿಕೊಂಡಿದ್ದರೆಂಬುದಕ್ಕೆ ಸಾಕ್ಷಿ ನುಡಿಯುವುದು ನ್ಯಾಸವೊಂದೇ, ಎಂದರೆ ನಡುವೆ ಬರೆದಿಟ್ಟ ಅಂಕೆಗಳು.

ಆ ನ್ಯಾಸಗಳನ್ನು ಅರಸಬೇಕಾದುದು ಟೀಕೆಗಳಲ್ಲಿ. ೧೯೧೨ರಲ್ಲಿ ಮದರಾಸಿನಿಂದ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮೂಲವನ್ನು ಪ್ರಕಟಿಸಿದಾಗ ಅವರಿಗೆ ಆಧಾರವಾದವುಗಳಲ್ಲಿ ಕನ್ನಡ ಲಿಪಿಯ ಪ್ರತಿಗಳಿದ್ದವು. ವಲ್ಲಭನ ಕನ್ನಡ ಟೀಕೆಯೂ ಇತ್ತು. ೧೯೬೩ರಲ್ಲಿ ಸೊಲ್ಲಾಪುರದಿಂದ ಲಕ್ಷ್ಮೀಚಂದ್ರ ಜೈನರ ಹಿಂದೀ ಆವೃತ್ತಿಯೂ, ೨೦೦೦ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದಸಹಿತ ಆವೃತ್ತಿಯೂ ಬಂದವು. ಈ ಮಹನೀಯರ ಶ್ರಮದಿಂದಲೇ ಮೂಲವು ಇಂದು ನಮಗೆ ಸುಲಭವಾಗಿದೆ. ಆದರೆ ಟೀಕೆಯನ್ನು ಮೂಲದ ಅರ್ಥಕ್ಕೆ ನೆರವಾಗಿ ಬಳಸುವುದು ಬೇರೆ. ಟೀಕೆಯ ಅಂಕನ್ಯಾಸಗಳನ್ನೇ ಪಾಠವೆಂದು ಬಗೆದು ಪ್ರತಿಯಿಂದ ಪ್ರತಿಗೆ ಹೋಲಿಸುವುದು ಬೇರೆ. ಓಲೆಗರಿಯ ಅಂಚಿನ ಅಂಕೆಗಳನ್ನು ಲಿಪಿಕಾರನ ಗೀಚೆಂದು ತಳ್ಳಿದರೆ, ಶ್ಲೋಕದ ಪಾಠಾಂತರಕ್ಕಿಂತ ಹೆಚ್ಚಿನ ಸಾಕ್ಷ್ಯವೊಂದು ನಷ್ಟವಾದೀತು.

'ನಿರುದ್ಧ' ಎಂದರೆ ತಡೆಯಲ್ಪಟ್ಟುದು. ಛೇದವು ವ್ಯರ್ಥವಾಗಿ ಬೆಳೆಯದಂತೆ ತಡೆದ ಸಂಖ್ಯೆ ಎಂಬುದು ಸಂದರ್ಭಕ್ಕೆ ಒಪ್ಪುವ ಅರ್ಥ. ಆಸ್ರವನಿರೋಧದೊಡನೆ ಇದನ್ನು ತಳುಕು ಹಾಕುವ ಆಸೆ ನಮ್ಮವರಲ್ಲಿ ಮೂಡುವುದು ಸಹಜವಾದರೂ, ಸೂತ್ರದಲ್ಲಿ ಅದಕ್ಕೆ ಆಧಾರವಿಲ್ಲ. ಆಚಾರ್ಯರ ಗೌರವಕ್ಕೆ ಅಂತಹ ಊರುಗೋಲು ಬೇಕಾಗಿಯೂ ಇಲ್ಲ. ಕಲಾಸವರ್ಣದ ಪ್ರತಿಗಳನ್ನು ಮುಂದೆ ಪರಿಷ್ಕರಿಸುವ ವಿದ್ವಾಂಸರು, ಮೂರು ಅಥವಾ ಹೆಚ್ಚು ಛೇದಗಳುಳ್ಳ ಉದಾಹರಣೆಗಳ ನ್ಯಾಸಗಳನ್ನು ಇದ್ದಂತೆಯೇ ಎತ್ತಿ ಬರೆದು ಅನುಬಂಧದಲ್ಲಿ ಕೊಡಬೇಕೆಂದು ಸೂಚಿಸಿ ಈ ವಿಮರ್ಶೆಯನ್ನು ಮುಗಿಸುತ್ತೇವೆ.