ಕರೆದವರು ಯಾರು?

ದೆವ್ವದ ಕಥೆ ಓದಬಾರದು ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ರಾತ್ರಿ ಹೊತ್ತು ಓದಬಾರದು ಎಂದಷ್ಟೇ ಹೇಳುತ್ತಿದ್ದರು. ಆದರೆ ಹಗಲು ಪುಸ್ತಕ ಹಿಡಿದು ಕೂರಲು ಸೊಸೆಯಾದವಳಿಗೆ ಹೊತ್ತೆಲ್ಲಿರುತ್ತದೆ? ಹೀಗಾಗಿ ‘ತುಳಸಿದಳ’ವನ್ನು ನಾನು ರಾತ್ರಿಯೇ ಓದಿದೆ. ನವಲಗುಂದದ ನಮ್ಮ ಓಣಿಯಲ್ಲಿ ಐದಾರು ಮನೆ ತಿರುಗಿ ನನ್ನ ಕೈಗೆ ಬರುವಷ್ಟರಲ್ಲಿ ಅದರ ರಟ್ಟು ಕಿತ್ತುಹೋಗಿತ್ತು. ಯಾರೋ ಪುಣ್ಯಾತಗಿತ್ತಿ ಹಳೆಯ ಕ್ಯಾಲೆಂಡರಿನ ಹಾಳೆ ಹಾಕಿ ದಬ್ಬಣದಿಂದ ಹೊಲಿದಿದ್ದಳು. ಹೊರಗೆ ಲಕ್ಷ್ಮಿ, ಒಳಗೆ ಕಾಷ್ಮೋರ! ಮಗ್ಗುಲಲ್ಲಿ ಐದು ವರ್ಷದ ಮಗಳನ್ನು ಮಲಗಿಸಿಕೊಂಡು, ಹಾಳೆ ತಿರುವಿದಾಗೊಮ್ಮೆ ಅವಳ ಹಣೆ ಮುಟ್ಟಿ ನೋಡಿಕೊಳ್ಳುತ್ತ ಓದಿದೆ. ಇದು 1986ರ ಮಾತು.

ಯಂಡಮೂರಿ ವೀರೇಂದ್ರನಾಥರ ಈ ತೆಲುಗು ಕಾದಂಬರಿ ಎಂಬತ್ತರ ದಶಕದ ಮೊದಲ ವರ್ಷಗಳದು. ಕನ್ನಡಕ್ಕೆ ಬಂದು ಮನೆಮಾತಾಯಿತು; 1985ರಲ್ಲಿ ವೇಮಗಲ್ ಜಗನ್ನಾಥರಾವ್ ಅವರ ನಿರ್ದೇಶನದಲ್ಲಿ ಕನ್ನಡ ಸಿನಿಮಾ ಕೂಡ ಆಯಿತು. ಕಥೆ ಬಹಳ ಜನರಿಗೆ ಗೊತ್ತೇ ಇದೆ. ತುಳಸಿ ಎಂಬ ಪುಟ್ಟ ಹುಡುಗಿ. ಅವಳ ಹೆಸರಿಗೆ ದೊಡ್ಡ ಹಣವೊಂದು ಬರುವುದಿದೆ. ಅದು ಅವಳಿಗೆ ದಕ್ಕಬಾರದು ಎನ್ನುವವರು ಮಂತ್ರವಾದಿಯನ್ನು ಹಿಡಿಯುತ್ತಾರೆ. ಅವನು ಕಾಷ್ಮೋರ ಎಂಬ ಕ್ಷುದ್ರಶಕ್ತಿಯನ್ನು ಎಬ್ಬಿಸಿ ಮಗುವಿನ ಮೇಲೆ ಬಿಡುತ್ತಾನೆ. ದಿನ ಕಳೆದಂತೆ ಮಗು ನರಳುತ್ತದೆ. ಓದುವವರಾದ ನಾವು ಬೆರಳು ಮಡಚಿ ದಿನ ಎಣಿಸುತ್ತೇವೆ.

ಮೂಢನಂಬಿಕೆ ಹರಡುತ್ತದೆ ಎಂದು ಈ ಕಾದಂಬರಿಯನ್ನು ಬೈದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಬೈದವರ ಮನೆಯ ಹೆಣ್ಣುಮಕ್ಕಳೂ ಅದನ್ನು ಓದಿದರು. ಯಾಕೆ ಓದಿದರು ಎಂಬುದಕ್ಕೆ ನನಗೆ ತೋಚಿದ ಕಾರಣ ಹೇಳುತ್ತೇನೆ. ಜ್ವರ ಬಂದ ಕೂಸಿನ ಪಕ್ಕದಲ್ಲಿ ಕುಳಿತ ತಾಯಿಗೆ ಜ್ವರಕ್ಕಿಂತ ಹೆಚ್ಚು ಕಾಡುವುದು ಕಾರಣ ಗೊತ್ತಿಲ್ಲದಿರುವುದು. ಒದ್ದೆಬಟ್ಟೆ ಹಾಕುತ್ತೇವೆ, ಹರಕೆ ಹೊರುತ್ತೇವೆ, ನಿನ್ನೆ ಏನು ತಿಂದಿತ್ತು, ಎಲ್ಲಿ ಆಡಿತ್ತು ಎಂದು ನೆನಪಿಸಿಕೊಳ್ಳುತ್ತೇವೆ. ಕಾದಂಬರಿ ಆ ಕತ್ತಲೆಗೆ ಒಂದು ಹೆಸರು ಕೊಟ್ಟಿತು. ನಮ್ಮ ಕಡೆ ಮಾಟ, ಗಾಳಿ, ದೃಷ್ಟಿ ಎಂಬ ಮಾತುಗಳು ಮೊದಲೇ ಇದ್ದವು. ಅವಕ್ಕೆ ಯಂಡಮೂರಿಯವರು ಒಂದು ಕಥೆ ಕಟ್ಟಿಕೊಟ್ಟರು.

ಇನ್ನೊಂದು ಕಾರಣ ಲೇಖಕರ ಜಾಣತನ. ಕೊನೆಯಲ್ಲಿ ಒಂದು ಕಡೆ ವೈದ್ಯರು, ಮನಸ್ಸಿನ ಶಾಸ್ತ್ರ ಬಲ್ಲವರು ಮಗುವನ್ನು ಉಳಿಸಲು ಹೆಣಗುತ್ತಾರೆ. ಇನ್ನೊಂದು ಕಡೆ ಮಂತ್ರಕ್ಕೆ ಪ್ರತಿಮಂತ್ರ ನಡೆಯುತ್ತದೆ. ಎರಡೂ ಏಕಕಾಲಕ್ಕೆ. ಯಾವುದರಿಂದ ಏನಾಯಿತು ಎಂದು ಬೆರಳಿಟ್ಟು ಹೇಳಲು ಬರುವುದಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ನಾನು ಓದಿ ಹೇಳಿದ ಕಥೆಯನ್ನು ಕೇಳಿದ ಅತ್ತೆಯವರೂ “ನೋಡಿದಿ?” ಅಂದರು, ಶಾಲೆಯ ಮಾಸ್ತರರಾದ ನಮ್ಮನೆಯವರೂ “ನೋಡಿದ್ಯಾ?” ಅಂದರು. ಇಬ್ಬರಿಗೂ ತಮ್ಮದೇ ಗೆದ್ದಂತೆ ಕಂಡಿತ್ತು. ಯಾರನ್ನೂ ಸೋಲಿಸದ ಪುಸ್ತಕ ಬಹಳ ವರ್ಷ ಬಾಳುತ್ತದೆ.

ಆ ವರ್ಷ ಮುಂಗಾರಿನಲ್ಲಿ ನನ್ನ ಮಗಳಿಗೆ ಜ್ವರ ಬಂತು. ನವಲಗುಂದದ ನೆಲದ ನೀರು ಸವಳು. ಕುಡಿಯಲು ಕೆರೆಯ ನೀರೇ ಆಗಬೇಕಿತ್ತು. ಮೊದಲ ಮಳೆಗೆ ಕೆರೆ ಕದಡಿತ್ತು. ನಾನು ಸೆರಗಿನ ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ತುಂಬಿದ್ದೆ, ಅಷ್ಟೇ. ಐದು ದಿನವಾದರೂ ಜ್ವರ ಇಳಿಯಲಿಲ್ಲ. ಮಗು ಕಣ್ಣು ತೇಲಿಸತೊಡಗಿತು.

“ಇದು ದವಾಖಾನಿ ಜಡ್ಡಲ್ಲ ತಂಗಿ. ಯಾರೋ ಕೂಸಿನ ಮ್ಯಾಲೆ ಮಾಡ್ಸ್ಯಾರ,” ಅಂದರು ಅತ್ತೆ. “ಯಾರ ಕೈಯಾಂದು ತಿಂದಿತ್ತು, ನೆನಪು ಮಾಡ್ಕೋ.”

ಓಣಿಯ ತುದಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಗಂಡ ಸತ್ತವಳು, ಮಕ್ಕಳಿಲ್ಲದವಳು. ಜೋಳದ ರೊಟ್ಟಿ ಬಡಿದು ಮಾರಿ ಹೊಟ್ಟೆ ಹೊರೆಯುತ್ತಿದ್ದಳು. ನನ್ನ ಮಗಳು ಆಕೆಯ ಒಲೆಯ ಮುಂದೆ ಹೋಗಿ ಕುಳಿತರೆ ಅಂಗೈ ಅಗಲದ ಪುಟ್ಟ ರೊಟ್ಟಿ ಬಡಿದು, ಶೇಂಗಾ ಹಿಂಡಿ ಹಚ್ಚಿ ಕೈಗಿಡುತ್ತಿದ್ದಳು. ದುಡ್ಡು ಕೊಡಲು ಹೋದರೆ, “ಕೂಸಿನ ರೊಟ್ಟಿಗೆ ರೊಕ್ಕ ಏನ್ರೀ ಅಕ್ಕಾರ,” ಅನ್ನುತ್ತಿದ್ದಳು.

“ಅಕಿ ಕೈಯಾನ ರೊಟ್ಟಿ ತಿಂತಿತ್ತಲ್ಲ?” ಎಂದರು ಅತ್ತೆ.

ನಾನು “ಹೂಂ” ಅಂದೆ.

ಬಿ.ಎ. ಮುಗಿಸಿದ ಹೆಣ್ಣುಮಗಳು ನಾನು. ದಿಂಬಿನ ಕೆಳಗೆ ‘ತುಳಸಿದಳ’ ಇತ್ತು. ಎಷ್ಟನೆಯ ದಿನ ಏನಾಗುತ್ತದೆ ಎಂದು ನನ್ನ ತಲೆಯಲ್ಲಿ ಲೆಕ್ಕ ನಡೆದಿತ್ತು. ಹೂಂ ಅನ್ನದೆ ಇರಲು ನನ್ನಿಂದ ಆಗಲಿಲ್ಲ.

ಅಂದು ಸಂಜೆ ಅತ್ತೆ ನಿಂಬೆಹಣ್ಣು ಇಳಿಸಿ ಮೂರು ದಾರಿ ಕೂಡುವಲ್ಲಿ ಒಗೆಸಿದರು. ಮರುದಿನ ಬೆಳಗಿನ ಬಸ್ಸಿಗೆ ನಮ್ಮನೆಯವರು ಮಗಳನ್ನು ಹೆಗಲಿಗೆ ಹಾಕಿಕೊಂಡು ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಟೈಫಾಯ್ಡ್ ಎಂದರು. “ನೀರು ಕುದಿಸಿ ಆರಿಸಿ ಕೊಡ್ತೀರೇನಮ್ಮಾ?” ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಎರಡು ವಾರಕ್ಕೆ ಮಗಳು ಎದ್ದು ಕುಳಿತಳು. ಇಂಜೆಕ್ಷನ್ನಿನಿಂದ ಎಂದರು ಇವರು. ನಿಂಬೆಹಣ್ಣಿನಿಂದ ಎಂದರು ಅತ್ತೆ. ಕಾದಂಬರಿಯ ಕೊನೆ ನಮ್ಮ ಪಡಸಾಲೆಯಲ್ಲೇ ನಡೆದಿತ್ತು.

ಆದರೆ ಕಾದಂಬರಿ ಮುಗಿಯುವಂತೆ ಇದು ಮುಗಿಯಲಿಲ್ಲ. ನನ್ನ ಒಂದು ಹೂಂ ಓಣಿಯೆಲ್ಲ ತಿರುಗಿತು. ಆಕೆಯ ರೊಟ್ಟಿಯನ್ನು ಯಾರೂ ಕೊಳ್ಳಲಿಲ್ಲ. ಮಕ್ಕಳನ್ನು ಆ ಕಡೆ ಬಿಡಲಿಲ್ಲ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ; ಮಾತು ಬಿಟ್ಟರು ಅಷ್ಟೇ. ದೀಪಾವಳಿಯೊಳಗೆ ಆಕೆ ಬಾಗಿಲಿಗೆ ಕೀಲಿ ಹಾಕಿ ಅಣ್ಣಿಗೇರಿಯ ಕಡೆಗೆ ಅಕ್ಕನ ಮನೆಗೆ ಹೋದಳು. ಹೋಗುವಾಗ ನಮ್ಮ ಮನೆಯ ಮುಂದೆ ನಿಂತು, “ಕೂಸು ಆರಾಮ ಐತ್ರೀ?” ಎಂದು ಕೇಳಿದಳು. ಆಗಲೂ ನಾನು ಹೂಂ ಎಂದಷ್ಟೇ ಅಂದೆ.

ಎಷ್ಟೋ ವರ್ಷಗಳ ಮೇಲೆ ‘ತುಳಸಿದಳ’ವನ್ನು ಮತ್ತೆ ಓದಿದೆ. ಈ ಸಲ ನನಗೆ ಕಾಷ್ಮೋರದ ಹೆದರಿಕೆ ಆಗಲಿಲ್ಲ. ಕರೆದವರು ಯಾರು ಎಂದು ಹುಡುಕುತ್ತ ಓದಿದೆ. ಅಲ್ಲಿ ಮಂತ್ರವಾದಿ ಕೂಲಿಯವನು. ಕರೆಸಿದವರು ಹಣದ ಮೇಲೆ ಕಣ್ಣಿಟ್ಟವರು, ಊರು ನಾಲ್ಕು ಜನರೊಳಗೆ ಗೌರವದಿಂದ ಓಡಾಡುವವರು. ರೊಟ್ಟಿ ಬಡಿದು ಮಾರುವ ಒಂಟಿ ಹೆಂಗಸಿನ ಕಡೆಗೆ ಆ ಪುಸ್ತಕ ಬೆರಳು ತೋರಿಸಿಯೇ ಇರಲಿಲ್ಲ. ಹೆದರಿಕೆಯನ್ನು ಪುಸ್ತಕದಿಂದ ತೆಗೆದುಕೊಂಡು, ತಪ್ಪಿತಸ್ಥಳನ್ನು ಮಾತ್ರ ನಮ್ಮ ಓಣಿಯಿಂದಲೇ ನಾವು ಆರಿಸಿಕೊಂಡಿದ್ದೆವು.

ಬೇರೆ ಲೋಕದ್ದನ್ನು ಕರೆಯುವ ಕಥೆಗಳನ್ನೆಲ್ಲ ಅಂದಿನಿಂದ ನಾನು ಹೀಗೇ ಓದುತ್ತೇನೆ. ಕಾಲೇಜಿನಲ್ಲಿ ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಎಂಬ ಇಂಗ್ಲಿಷ್ ಲೇಖಕನ ‘ಮಂಗನ ಪಂಜ’ದ ಕಥೆ ಓದಿದ್ದೆ, 1902ರಷ್ಟು ಹಳೆಯದು. ಅಲ್ಲಿ ಯಂತ್ರಕ್ಕೆ ಸಿಕ್ಕಿ ಸತ್ತ ಮಗನನ್ನು ಮರಳಿ ಕರೆ ಎಂದು ಹಟ ಹಿಡಿಯುವವಳು ಹೆತ್ತ ತಾಯಿ. ಬಾಗಿಲು ಬಡಿದ ಸದ್ದಿಗೆ ನಾವು ನಡುಗುತ್ತೇವೆ, ಆದರೆ ಬಾಗಿಲು ತೆರೆಯಲು ಓಡುವ ಆಕೆಯ ಮೇಲೆ ಸಿಟ್ಟು ಬರುವುದಿಲ್ಲ. ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರ ‘ನಾಗಮಂಡಲ’ 1988ರ ನಾಟಕ. ಗಂಡ ಮನೆಗೆ ಕೀಲಿ ಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ಕುರುಡವ್ವ ಕೊಟ್ಟ ಬೇರನ್ನು ರಾಣಿ ಸಾರಿಗೆ ಹಾಕಿದರೆ ಅದು ರಕ್ತದಂತೆ ಕೆಂಪಾಗುತ್ತದೆ. ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ನಾಗ ಬರುತ್ತದೆ, ಗಂಡನ ರೂಪದಲ್ಲಿ. ರಾಣಿ ಕರೆದದ್ದು ತಿಳಿಯದೆ, ಒಂಟಿತನದಿಂದ. ಆದರೂ ಊರ ಹಿರಿಯರ ಮುಂದೆ ದಿವ್ಯಕ್ಕೆ ನಿಲ್ಲಬೇಕಾದವಳು ಅವಳೇ. ಮನೆಗೆ ಕೀಲಿ ಹಾಕಿದವನಲ್ಲ.

ಕಾರ್ನಾಡರು ಆ ಪಂಚಾಯತಿಯನ್ನು ನಮಗೆ ಕಣ್ಣಾರೆ ತೋರಿಸುತ್ತಾರೆ. ಯಂಡಮೂರಿಯವರ ಮೇಲೆ ನನ್ನ ದೂರು ಇಲ್ಲೇ ಇರುವುದು. ಮಂತ್ರವೋ ವಿಜ್ಞಾನವೋ ಎಂದು ಎರಡೂ ಬಾಗಿಲು ತೆರೆದಿಟ್ಟರು. ಓದುವವರನ್ನು ಹಿಡಿದಿಡಲು ಅದು ಒಳ್ಳೆಯ ಉಪಾಯ. ಮಂತ್ರದ ಬಾಗಿಲಿನಿಂದ ಹೊರಬಂದವರು ಓಣಿಯಲ್ಲಿ ಯಾರನ್ನು ಹುಡುಕುತ್ತ ಹೋದಾರು ಎಂಬ ಚಿಂತೆ ಆ ಪುಸ್ತಕಕ್ಕಿಲ್ಲ. ಪೂರ್ತಿ ತಪ್ಪು ಲೇಖಕರದು ಎನ್ನಲಾರೆ. ಹೂಂ ಅಂದವಳು ನಾನು.

ಮಾಟ, ಬಾನಾಮತಿ, ದೆವ್ವ ಬಿಡಿಸುವ ಹೆಸರಿನ ಹಿಂಸೆಯನ್ನು ತಡೆಯಲು ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾಯಿದೆ ಬಂತು. 2020ರ ಜನವರಿಯಲ್ಲಿ ಜಾರಿಯಾಯಿತು. ಬಂದದ್ದು ಒಳ್ಳೆಯದೇ ಆಯಿತು. ಆದರೆ ರೊಟ್ಟಿ ಕೊಳ್ಳುವುದನ್ನು ಬಿಟ್ಟವರ ಮೇಲೆ ಯಾವ ಕಾಯಿದೆಯೂ ನಡೆಯುವುದಿಲ್ಲ.

ಈ ಬಗೆಯ ಕಥೆಗೆ ಸಾವಿಲ್ಲ. ಮಾಟಕ್ಕೆ ಸಿಕ್ಕ ಮಗಳು, ನಂಬದ ತಂದೆ ಎಂಬ ಕಥೆಯನ್ನೇ ರಾಮ್ ಗೋಪಾಲ್ ವರ್ಮಾ 2008ರಲ್ಲಿ ‘ಫೂಂಕ್’ ಎಂದು ಹಿಂದಿಯಲ್ಲಿ ತೆಗೆದರು. ತಂದೆಯಾಗಿದ್ದವರು ನಮ್ಮ ಸುದೀಪ್. ಮಕ್ಕಳಿಗೆ ಜ್ವರ ಬರುವವರೆಗೂ ತಾಯಂದಿರು ಇಂಥದ್ದನ್ನು ಓದುತ್ತಾರೆ, ನೋಡುತ್ತಾರೆ. ಬೇಡ ಎನ್ನಲು ನಾನು ಯಾರು? ಹೆದರುವುದರಲ್ಲೂ ಒಂದು ಸುಖವಿದೆ, ಅದನ್ನು ನಾನೂ ಉಂಡವಳು.

ಹೋದ ಬೇಸಿಗೆಗೆ ಮೊಮ್ಮಗಳು ಬಂದಾಗ ಟ್ರಂಕಿನಲ್ಲಿದ್ದ ಆ ಪುಸ್ತಕ ಹುಡುಕಿ ತೆಗೆದಳು. “ಅಜ್ಜೀ, ಇದು ಭಾಳ ಹೆದರಿಕಿ ಅದ ಅಂತ ಹೌದಾ?” ಎಂದಳು. ಹೌದು, ಓದು ಎಂದು ಕೊಟ್ಟೆ. ಎರಡು ರಾತ್ರಿ ದೀಪ ಹಚ್ಚಿಟ್ಟುಕೊಂಡೇ ಓದಿ ಮುಗಿಸಿದಳು. ಮೂರನೆಯ ದಿನ ರೊಟ್ಟಿ ಬಡಿಯುವಾಗ ಅವಳನ್ನು ಒಲೆಯ ಮುಂದೆ ಕೂರಿಸಿಕೊಂಡು ಓಣಿಯ ತುದಿಯ ಆ ಹೆಣ್ಣುಮಗಳ ಕಥೆ ಹೇಳಿದೆ. ಅವಳ ತಾಯಿಗೂ ಅದನ್ನು ನಾನು ಅಲ್ಲಿಯವರೆಗೆ ಹೇಳಿರಲಿಲ್ಲ.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ಅಕಿ ಹೆಸರೇನಿತ್ತಜ್ಜೀ?”

ಹೇಳಲು ಬಾಯಿ ತೆರೆದೆ. ರೊಟ್ಟಿಯವ್ವ ಎನ್ನುತ್ತಿದ್ದೆವು. ಹೆಸರು ನಾನು ಕೇಳಿಯೇ ಇರಲಿಲ್ಲ.