ಎರಡು ಮೊಳ ಅಗಲದ ಮೈದಾನ

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರಾಜಾಜಿನಗರವನ್ನು ತೆರೆದು, ಇನ್ನು ಹಿಗ್ಗದು ಎನ್ನುವವರೆಗೆ ಹಿಗ್ಗಿಸಿ ನೋಡುವುದು ನನಗೆ ತುಂಬ ಇಷ್ಟದ ಕೆಲಸ. ದೂರದಿಂದ ಕಾಣುವುದು ಕಾರ್ಡ್ ರಸ್ತೆಯ ದಪ್ಪ ಗೆರೆ, ಮೆಟ್ರೊ ದಾರಿ, ಮೇನು-ಕ್ರಾಸುಗಳ ಚೌಕುಳಿ. ಹತ್ತಿರ ಹೋದಂತೆ ಮನೆಗಳ ಮೂಲೆಗಳು ಮೂಡುತ್ತವೆ. ಇನ್ನೂ ಹತ್ತಿರ ಹೋದರೆ, ಯಾರಾದರೂ ಪುಣ್ಯಾತ್ಮರು ಕೂತು ಗುರುತಿಸಿದ್ದರೆ, ಪಾರ್ಕಿನ ಒಳಗಿನ ಕಾಲುದಾರಿ, ದಾರಿ ತಿರುಗುವಲ್ಲಿ ಒಂದು ಬೆಂಚು, ಬೆಂಚಿನ ಪಕ್ಕ ಒಂದು ಮರ. ರಸ್ತೆ, ಮೇಲ್ಸೇತುವೆಗಳನ್ನು ಗುರುತಿಸಲು ಎಷ್ಟೋ ಕೈಗಳಿವೆ. ಬೆಂಚನ್ನು ಗುರುತಿಸಿದವನಿಗೆ ಅದರ ಮೇಲೆ ಕೂರುವವರ ನೆನಪಿತ್ತು. ಈ ನಕ್ಷೆಯ ರುಚಿ ಹತ್ತುವುದು ಅಲ್ಲಿಂದ.

2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಶುರುಮಾಡಿದ ಈ ನಕ್ಷೆಗೆ ಯಾರು ಬೇಕಾದರೂ ಸೇರಿಸಬಹುದು, ಯಾರು ಬೇಕಾದರೂ ತಿದ್ದಬಹುದು. ಒಳಗಿನ ಏರ್ಪಾಡು ಸರಳ. ಬಿಂದುಗಳು, ಬಿಂದುಗಳನ್ನು ಕೂಡಿಸುವ ಗೆರೆಗಳು, ಇವನ್ನು ಒಟ್ಟುಗೂಡಿಸುವ ಸಂಬಂಧಗಳು. ಇವುಗಳ ಮೇಲೆ ಟ್ಯಾಗ್ ಎಂಬ ಚೀಟಿ: ಎಡಗಡೆ ಒಂದು ಕೀ, ಬಲಗಡೆ ಒಂದು ವ್ಯಾಲ್ಯೂ. ಜಗತ್ತಿನ ಸಕಲ ವಸ್ತುಗಳೂ ಈ ಚೀಟಿಯಲ್ಲಿ ಹಿಡಿಸಬೇಕು. ಗೊತ್ತಾದ ಟ್ಯಾಗ್ ಇಲ್ಲದಿದ್ದರೆ ಹೊಸದನ್ನು ಹುಟ್ಟಿಸಿಕೊಳ್ಳುವ ಸ್ವಾತಂತ್ರ್ಯವೂ ಉಂಟು. ಆ ಸ್ವಾತಂತ್ರ್ಯವನ್ನು ಎಷ್ಟು ಹದವಾಗಿ ಬಳಸುತ್ತಾರೆ ಎನ್ನುವುದರಲ್ಲಿ ನಕ್ಷೆಗಾರರ ಅಭಿರುಚಿ ಗೊತ್ತಾಗುತ್ತದೆ.

ನಾನು ಈ ಹದವನ್ನು ಕಲಿತದ್ದು ಮಿನಿಯೇಚರ್ ಗಾಲ್ಫ್ ನೋಡಿ. ಗಾಲ್ಫನ್ನು ಅಂಗೈಯಗಲ ಮಾಡಿದ ಆಟ ಅದು. ಬೀಸಿ ಹೊಡೆಯುವುದಿಲ್ಲ, ಚೆಂಡನ್ನು ಮೆಲ್ಲಗೆ ನೂಕಿ ಕುಳಿಗೆ ಬೀಳಿಸುವುದಷ್ಟೇ. ಹೆಣ್ಣುಮಕ್ಕಳು ತೋಳೆತ್ತಿ ಹೊಡೆಯುವುದು ಸಲ್ಲದು ಎನ್ನುತ್ತಿದ್ದ ಕಾಲದಲ್ಲಿ, 1867ರಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಹೆಂಗಸರು ಪಟಿಂಗ್ ಆಟಕ್ಕೆಂದೇ ಒಂದು ಕ್ಲಬ್ ಕಟ್ಟಿಕೊಂಡರು. ಅವರ ಉಬ್ಬುತಗ್ಗಿನ ಹುಲ್ಲುಹಾಸಿಗೆ ಹಿಮಾಲಯ ಎಂದೇ ಹೆಸರು. ಇಂದಿಗೂ ಅಲ್ಲಿ ಆಟ ನಡೆಯುತ್ತದೆ. ಆಮೇಲೆ ಪಾಲ್ ಬೊಂಗ್ನಿ ಎಂಬಾತ ಅಳತೆ ಗೊತ್ತುಮಾಡಿದ ಕಾಂಕ್ರೀಟ್ ಲೇನ್‌ಗಳನ್ನು ಯೋಜಿಸಿದ. ಅಂಥ ಮೊದಲ ಅಂಗಳ 1954ರಲ್ಲಿ ಸ್ವಿಟ್ಜರ್ಲೆಂಡಿನ ಅಸ್ಕೋನಾದಲ್ಲಿ ತೆರೆಯಿತು. ಒಂದೊಂದು ಲೇನ್ 12 ಮೀಟರ್ ಉದ್ದ, 1.25 ಮೀಟರ್ ಅಗಲ. ಇದಕ್ಕಿಂತ ಚಿಕ್ಕ ಇನ್ನೊಂದು ಬಗೆಯಲ್ಲಿ ಸಿಮೆಂಟ್ ಹಲಗೆಯ ಲೇನ್: 6.25 ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ, ಕೊನೆಯಲ್ಲಿ ಸ್ವಲ್ಪ ಅರಳಿದ ವೃತ್ತ, ಅದರೊಳಗೆ ಕುಳಿ. ನಮ್ಮ ಲೆಕ್ಕದಲ್ಲಿ ಎರಡು ಮೊಳ ಅಗಲದ ಮೈದಾನ.

ಆ ಎರಡು ಮೊಳದಲ್ಲಿ ಏನೆಲ್ಲ ಇಟ್ಟಿದ್ದಾರೆ! ಒಂದರಲ್ಲಿ ಸಾಲು ಪಿರಮಿಡ್ಡುಗಳು, ನಡುವೆ ಚೆಂಡು ನುಸುಳುವಷ್ಟೇ ಸಂದು. ಒಂದರಲ್ಲಿ ಜ್ವಾಲಾಮುಖಿಯ ಹಾಗೆ ಏರಿದ ದಿಬ್ಬ, ಕುಳಿ ಅದರ ನೆತ್ತಿಯ ಮೇಲೆ. ಹೊಡೆತ ಕಡಿಮೆಯಾದರೆ ಚೆಂಡು ಹಿಂದಕ್ಕೆ ಉರುಳುತ್ತದೆ, ಜಾಸ್ತಿಯಾದರೆ ಹಾರಿ ಆಚೆ ಬೀಳುತ್ತದೆ. ಒಂದರಲ್ಲಿ ಸುತ್ತಿಕೊಂಡ ಕಬ್ಬಿಣದ ಪಟ್ಟಿ. ಚೆಂಡು ಅದರೊಳಗೆ ಪೂರ್ತಿ ಪಲ್ಟಿ ಹೊಡೆದು ಇಳಿಯಬೇಕು. ಮತ್ತೊಂದರಲ್ಲಿ ಚೆಂಡನ್ನು ಗಾಳಿಗೆ ಹಾರಿಸಿ ಬಲೆಗೆ ಬೀಳಿಸಬೇಕು. ಇಂಥ ಹದಿನೆಂಟು. ಒಂದು ಲೇನ್‌ಗೆ ಆರು ಹೊಡೆತ. ಆರರಲ್ಲೂ ಬೀಳದಿದ್ದರೆ ಲೆಕ್ಕಕ್ಕೆ ಏಳು ಬರೆದುಕೊಂಡು ಮುಂದಕ್ಕೆ. ದೊಡ್ಡ ಗಾಲ್ಫಿನಲ್ಲಿ ಅಡ್ಡಿ ಎನ್ನುವುದು ದಾರಿಯಲ್ಲಿ ಎದುರಾಗುವ ಕಷ್ಟ. ಇಲ್ಲಿ ಅಡ್ಡಿಯೇ ಆಟ.

ಇದನ್ನು ನಕ್ಷೆಗೆ ಇಳಿಸುವುದು ಹೇಗೆ? ಇಡೀ ಅಂಗಳಕ್ಕೆ ಟ್ಯಾಗ್ ಸಿದ್ಧವಿದೆ: ಲೀಷರ್ ಎಂಬ ಕೀಗೆ ಮಿನಿಯೇಚರ್ ಗಾಲ್ಫ್ ಎಂಬ ವ್ಯಾಲ್ಯೂ. ಸುತ್ತ ಒಂದು ಗೆರೆ ಎಳೆದು ಇದನ್ನು ಅಂಟಿಸಿದರೆ ನಕ್ಷೆಯಲ್ಲಿ ಒಂದು ಪುಟ್ಟ ಹಸಿರು ಗುರುತು ಮೂಡುತ್ತದೆ. ಹೆಚ್ಚಿನವರ ಕೆಲಸ ಅಲ್ಲಿಗೆ ಮುಗಿಯುತ್ತದೆ, ತಪ್ಪೇನೂ ಇಲ್ಲ. ಸ್ವಾರಸ್ಯ ಇರುವುದು ಒಳಗೆ. ದೊಡ್ಡ ಗಾಲ್ಫಿಗೆ ಟ್ಯಾಗುಗಳ ಒಂದು ಕುಟುಂಬವೇ ಇದೆ: ಟೀ, ಫೇರ್‌ವೇ, ಬಂಕರ್, ಗ್ರೀನ್, ಪಿನ್, ಇವೆಲ್ಲವನ್ನೂ ಕಟ್ಟುವ ಹೋಲ್. ಈ ಹೋಲ್ ಎನ್ನುವುದನ್ನು ನಕ್ಷೆಯಲ್ಲಿ ಕುಳಿಯ ಬಿಂದುವಾಗಿ ಇಡುವುದಿಲ್ಲ. ಚೆಂಡು ಹೊರಡುವ ಜಾಗದಿಂದ ಸೇರುವ ಜಾಗದವರೆಗೆ ಒಂದು ಗೆರೆಯಾಗಿ ಎಳೆಯುತ್ತಾರೆ. ದಾರಿ ಬಾಗಿದ್ದರೆ ಗೆರೆಯೂ ಬಾಗುತ್ತದೆ. ಎಷ್ಟು ಚೆಂದದ ಯೋಚನೆ! ನೆಲದ ಮೇಲೆ ಆ ಗೆರೆ ಎಲ್ಲೂ ಇಲ್ಲ, ಆಡುವವನ ಮನಸ್ಸಿನಲ್ಲಿದೆ. ಮಿಕ್ಕ ಗೆರೆಗಳೆಲ್ಲ ಇರುವುದನ್ನು ತೋರಿಸುತ್ತವೆ. ಇದೊಂದು, ಮನುಷ್ಯ ಅಲ್ಲಿ ನಿಂತು ಏನು ಮಾಡುತ್ತಾನೆ ಎಂದು ತೋರಿಸುತ್ತದೆ.

ಪುಟ್ಟ ಗಾಲ್ಫಿಗೆ ಇವುಗಳಲ್ಲಿ ಯಾವುದನ್ನು ಎರವಲು ತರಬೇಕು? ಹೋಲ್ ಎಂಬ ಗೆರೆ ಖಂಡಿತ ಬೇಕು ಎನ್ನುತ್ತೇನೆ ನಾನು. ಲೇನ್‌ನ ಅಂಚನ್ನು ಬೇರೆಯಾಗಿ ಸುತ್ತುಗೆರೆ ಹಾಕಿ ತೋರಿಸಿ, ಅದರೊಳಗೆ ಆಟದ ಗೆರೆ ಹಾಯಿಸಿದರೆ ಹಲಗೆಯೂ ಕಂಡಿತು, ಆಟವೂ ಕಂಡಿತು. ಮೇಲ್ಮೈ ಕಾಂಕ್ರೀಟೋ ಕೃತಕ ಹುಲ್ಲೋ ಎಂದು ಸರ್ಫೇಸ್ ಎಂಬ ಕೀಯಲ್ಲಿ ಬರೆಯಬೇಕು. ಚೆಂಡಿನ ವೇಗ ನಿಂತಿರುವುದೇ ಅದರ ಮೇಲೆ. ಬಂಕರ್, ಫೇರ್‌ವೇಗಳನ್ನು ತರಬಾರದು. ಎರಡು ಮೊಳದ ಹಲಗೆಗೆ ಹುಲ್ಲುಗಾವಲಿನ ಹೆಸರಿಟ್ಟರೆ, ನಾಳೆ ಗಾಲ್ಫ್ ಮೈದಾನಗಳನ್ನು ಎಣಿಸಹೊರಟವನ ಲೆಕ್ಕ ಕೆಡುತ್ತದೆ. ಒಂದು ಕುಳಿಗೆ ಇಷ್ಟು ಹೊಡೆತ ಎಂದು ಗೊತ್ತುಮಾಡುವ ಪಾರ್ ಕೂಡ ಬೇಡ. ಸ್ಪರ್ಧೆಯ ಲೇನ್‌ಗಳಲ್ಲಿ ಒಂದೇ ಹೊಡೆತಕ್ಕೆ ಕುಳಿ ಸೇರಿಸುವುದೇ ಎಲ್ಲರ ಗುರಿ. ಏಳನೆಯ ಲೇನ್‌ಗೆ ನೇಮ್ ಎಂಬ ಕೀಯಲ್ಲಿ 'ಏಳನೆಯ ಕುಳಿ' ಎಂದು ಬರೆಯುವ ಆಸೆಯಾಗುತ್ತದೆ, ತಡೆದುಕೊಳ್ಳಬೇಕು. ಕ್ರಮಸಂಖ್ಯೆಗೆ ರೆಫ್ ಎಂಬ ಬೇರೆ ಜಾಗವಿದೆ, ವಿವರಣೆಗೆ ಡಿಸ್ಕ್ರಿಪ್ಷನ್ ಇದೆ. ನೇಮ್ ಇರುವುದು ನಿಜವಾಗಿ ಹೆಸರಿಟ್ಟು ಕರೆಯುವುದಕ್ಕೆ ಮಾತ್ರ. ಹೆಸರಿಲ್ಲದ್ದನ್ನು ಹೆಸರಿಲ್ಲದೆ ಬಿಡುವ ಈ ಸಂಯಮ ನನಗೆ ಬಹಳ ಹಿಡಿಸಿದೆ.

ಬೆಂಗಳೂರಿಗೆ ಗಾಲ್ಫ್ ಹೊಸದೇನಲ್ಲ. ಇಲ್ಲಿನ ಗಾಲ್ಫ್ ಕ್ಲಬ್ 1876ರದು. ಆದರೆ ಆ ವಿಸ್ತಾರದ ಹುಲ್ಲುಹಾಸು ನಗರದ ಆ ಕಡೆಯದು. ನಮ್ಮ ಪಶ್ಚಿಮದ ಬಡಾವಣೆಗಳ ಅಳತೆಗೋಲು ಮೂವತ್ತು-ನಲವತ್ತರ ಸೈಟು. ನಲವತ್ತಡಿ ಎಂದರೆ ಹನ್ನೆರಡು ಮೀಟರಿಗೆ ಚೂರು ಹೆಚ್ಚು: ಬೊಂಗ್ನಿಯ ಒಂದು ಕಾಂಕ್ರೀಟ್ ಲೇನ್ ನಮ್ಮ ಸೈಟಿನ ಉದ್ದಕ್ಕೆ ಸರಿಯಾಗಿ ಕೂರುತ್ತದೆ. ಚಿಕ್ಕ ಲೇನ್‌ಗಳನ್ನು ಲೆಕ್ಕ ಹಾಕಿದರೆ ಇನ್ನೂ ಸೊಗಸು. ಕೊನೆಯ ವೃತ್ತಗಳನ್ನು ಬಿಟ್ಟು ಹದಿನೆಂಟಕ್ಕೂ ಸೇರಿ ಸುಮಾರು 101 ಚದರ ಮೀಟರ್. ಸೈಟು 111 ಚದರ ಮೀಟರ್. ಓಡಾಡಲು ಜಾಗ ಉಳಿಯುವುದಿಲ್ಲ ನಿಜ, ಆದರೂ ವಿಜಯನಗರದ ಒಂದು ಮನೆ ನಿಲ್ಲುವ ನೆಲದಲ್ಲಿ ಹದಿನೆಂಟು ಮೈದಾನಗಳು! ಈ ಗಾತ್ರವನ್ನು ಕಣ್ಣಿಗೆ ತಂದುಕೊಂಡ ಮೇಲೆ ನಮ್ಮ ಬೀದಿಯ ಚಿಕ್ಕ ಆಟದ ಜಾಗಗಳು ನನಗೆ ಬೇರೆಯೇ ಆಗಿ ಕಾಣತೊಡಗಿದವು.

ಬಸವೇಶ್ವರನಗರದ ಯಾವುದಾದರೂ ಪಾರ್ಕಿಗೆ ಬೆಳಿಗ್ಗೆ ಹೋಗಿ ನೋಡಿ. ಹಿರಿಯರು ವ್ಯಾಯಾಮ ಮಾಡುವ ಕಬ್ಬಿಣದ ಸಲಕರಣೆಗಳ ಸಾಲು ಇರುತ್ತದೆ. ನಕ್ಷೆಯಲ್ಲಿ ಇದಕ್ಕೆ ಫಿಟ್‌ನೆಸ್ ಸ್ಟೇಷನ್ ಎಂಬ ಟ್ಯಾಗ್. ಒಂದೊಂದು ಸಲಕರಣೆಯನ್ನೂ ಬಿಡಿಯಾಗಿ, ಎರಡೂ ಕಾಲು ಗಾಳಿಯಲ್ಲಿ ಹಿಂದೆ ಮುಂದೆ ಆಡಿಸುವ ಏರ್ ವಾಕರ್, ಜೋತುಬೀಳುವ ಅಡ್ಡಸರಳು ಎಂದೆಲ್ಲ ಹೇಳಬಹುದು. ಮಕ್ಕಳ ಕಡೆ ಜಾರುಬಂಡೆ, ಉಯ್ಯಾಲೆ, ಸೀಸಾ, ತಿರುಗಣಿ. ಎಲ್ಲಕ್ಕೂ ಒಂದೊಂದು ವ್ಯಾಲ್ಯೂ. ಉಯ್ಯಾಲೆಯಲ್ಲೇ ಕಂಬಿ ಅಡ್ಡವಿರುವ ಎಳೆಮಕ್ಕಳದ್ದನ್ನು ಬೇರೆ ಮಾಡಿ ಹೇಳುವ ಅವಕಾಶವಿದೆ. ಎರಡು ವರ್ಷದ ಮಗುವನ್ನು ಎತ್ತಿಕೊಂಡು ಹೊರಟ ಅಜ್ಜಿಗೆ ಬೇಕಾದ ಮಾಹಿತಿ ಅದು.

ಕಷ್ಟವಿರುವುದು ಜಾಗ ಹಿಡಿಯುವುದರಲ್ಲಿ. ಈ ನಕ್ಷೆ ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ಆಚೆ ಏಳು ಅಂಕೆಗಳವರೆಗೆ ಬರೆದಿಡುತ್ತದೆ. ನೆಲದ ಮೇಲೆ ಅದು ಸುಮಾರು ಒಂದು ಸೆಂಟಿಮೀಟರ್. ಕೈಯಲ್ಲಿರುವ ಫೋನಿನ ಜಿಪಿಎಸ್ ಬಯಲಿನಲ್ಲೇ ಕೆಲವು ಮೀಟರ್ ಆಚೀಚೆ ಹೋಗುತ್ತದೆ. ಎರಡು ಮೊಳದ ಲೇನನ್ನೋ ಒಂದು ಏರ್ ವಾಕರನ್ನೋ ಅದನ್ನು ನಂಬಿ ಗುರುತಿಸಿದರೆ ಪಕ್ಕದ ಮೋರಿಯೊಳಗೆ ಬಿದ್ದಿರುತ್ತದೆ. ಮೇಲಿನಿಂದ ತೆಗೆದ ಚಿತ್ರ ನೋಡೋಣವೆಂದರೆ ರಾಜಾಜಿನಗರದ ಹಳೆಯ ಮರಗಳು ಪಾರ್ಕನ್ನೇ ಮುಚ್ಚಿಬಿಟ್ಟಿವೆ. ಆಗ ಉಳಿಯುವುದು ಹಳೆಯ ವಿಧಾನ. ಕಾಂಪೌಂಡಿನ ಯಾವ ಮೂಲೆ ಚಿತ್ರದಲ್ಲಿ ಸ್ಪಷ್ಟವಾಗಿದೆ ಎಂದು ಮೊದಲೇ ನೋಡಿಟ್ಟುಕೊಂಡು, ಅಲ್ಲಿಂದ ಹೆಜ್ಜೆ ಹಾಕಿ ಎಣಿಸಬೇಕು: ಗೋಡೆ ಹಿಡಿದು ಇಷ್ಟು ಹೆಜ್ಜೆ, ಅಲ್ಲಿಂದ ಒಳಕ್ಕೆ ಇಷ್ಟು. ಆಮೇಲೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ಅದೇ ದಾರಿಯಲ್ಲಿ ಬಿಂದು ಇಡಬೇಕು. ಪಕ್ಕದ ಎರಡು ಮರಗಳನ್ನೂ ಗುರುತಿಸಿಟ್ಟರೆ ಮುಂದೆ ಬರುವವರಿಗೆ ಆಧಾರವಾಗುತ್ತದೆ.

ದೊಡ್ಡ ಮೈದಾನಗಳಿಗೂ ಇಂಥ ಸೂಕ್ಷ್ಮಗಳಿವೆ. ಕೆಂಗೇರಿಗೆ ಹೋಗುವ ದಾರಿಯಲ್ಲಿ, ಜ್ಞಾನಭಾರತಿಯ ಬಳಿ, ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ದೇಶದ ಹಾಕಿ ತಂಡಗಳು ತರಬೇತಿ ಪಡೆಯುವ ಟರ್ಫ್ ಅಲ್ಲಿದೆ. ಹಾಕಿ ಮೈದಾನದ ಉದ್ದ 91.4 ಮೀಟರ್, ನಮ್ಮ ಪುಟ್ಟ ಲೇನ್‌ನ ಅಗಲದ ಸುಮಾರು ನೂರುಪಟ್ಟು. ಅಲ್ಲಿ ಆಟ ಯಾವುದು ಎಂದು ಬರೆಯುವಾಗ ಬರೀ ಹಾಕಿ ಎಂದರೆ ಸಾಲದು, ಫೀಲ್ಡ್ ಹಾಕಿ ಎನ್ನಬೇಕು. ಕೆನಡಾದವರಿಗೆ ಹಾಕಿ ಎಂದರೆ ಮಂಜುಗಡ್ಡೆ. ಕೆಂಗೇರಿ ರಸ್ತೆಯ ಒಂದು ಬಯಲಿಗೆ ಚೀಟಿ ಬರೆಯುವಾಗ ಟೊರಾಂಟೊದವನನ್ನೂ ನೆನೆಯಬೇಕಾಗುತ್ತದೆ. ಕ್ರಿಕೆಟ್ಟಿನಲ್ಲೂ ಹಾಗೆಯೇ: ಬಲೆ ಕಟ್ಟಿ ಅಭ್ಯಾಸ ಮಾಡುವ ಜಾಗಕ್ಕೆ ಕ್ರಿಕೆಟ್ ನೆಟ್ಸ್ ಎಂಬ ಬೇರೆ ವ್ಯಾಲ್ಯೂ ಇದೆ.

ಆದರೆ ಕ್ರಿಕೆಟ್ಟಿನ ಅತ್ಯಂತ ಚಿಕ್ಕ ಮೈದಾನ, ನಮ್ಮ ಗಲ್ಲಿಯದು, ನಕ್ಷೆಗೆ ಬರುವುದಿಲ್ಲ. ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಮೂರು ಗೆರೆ ವಿಕೆಟ್ಟು. ಕಾಂಪೌಂಡಿನೊಳಗೆ ಚೆಂಡು ನೇರವಾಗಿ ಬಿದ್ದರೆ ಔಟು. ಒನ್ ಪಿಚ್ ಕ್ಯಾಚ್ ಒಂದೇ ಕೈಯಲ್ಲಿ ಹಿಡಿಯಬೇಕು. ನಿಲ್ಲಿಸಿದ ಸ್ಕೂಟರಿಗೆ ತಗುಲಿದರೆ ಓಟವಿಲ್ಲ. ಅಡ್ಡಿಯೇ ಆಟ ಎನ್ನುವ ಮಾತು ಎರಡು ಮೊಳದ ಹಲಗೆಗೆ ಎಷ್ಟು ಸಲ್ಲುತ್ತದೋ ಅಗ್ರಹಾರ ದಾಸರಹಳ್ಳಿಯ ಓಣಿಗೂ ಅಷ್ಟೇ ಸಲ್ಲುತ್ತದೆ. ಆದರೂ ಬರೆಯಬಾರದು. ಯಾರಾದರೂ ಹೋಗಿ ನೋಡಿದರೆ ಅಲ್ಲಿ ಸಿಗಬೇಕು, ಸಿಕ್ಕಿ ಸ್ವಲ್ಪ ಕಾಲ ಉಳಿಯಬೇಕು ಎನ್ನುವುದು ಈ ನಕ್ಷೆಯ ಮೂಲ ನಿಯಮ. ಇದ್ದಿಲ ಗೆರೆ ಒಂದು ಮಳೆಗೆ ಹೋಗುತ್ತದೆ. ಹಂಪಿಯ ಕಲ್ಲುಹಾಸಿನಲ್ಲಿ ಕೊರೆದ ಆಟದ ಮನೆಗಳನ್ನು ಮಾತ್ರ ಒಂದೊಂದಾಗಿ ಗುರುತಿಸಬೇಕು. ಅವು ನೂರಾರು ವರ್ಷ ನಿಂತಿವೆ, ಇನ್ನೂ ನಿಲ್ಲುತ್ತವೆ.

ನಮ್ಮ ಕಡೆ ನಿಂತಿರುವುದು ಅರಳಿಕಟ್ಟೆ. ಬಡಾವಣೆ ಆಗುವ ಮುಂಚೆ ಹಳ್ಳಿಗಳಾಗಿದ್ದ ಹೊಸಹಳ್ಳಿ, ಮೂಡಲಪಾಳ್ಯದಂಥ ಕಡೆ ಇದನ್ನು ಕಾಣಬೇಕು. ಕಟ್ಟೆಗೆ ಇಡಿಯಾಗಿ ಒಪ್ಪುವ ಒಂದು ಟ್ಯಾಗ್ ನನಗೆ ಕಂಡಿಲ್ಲ. ಹಾಗಾಗಿ ಬಿಡಿಸಿ ಬರೆಯುವುದೇ ಮೇಲು ಎನಿಸುತ್ತದೆ. ಮರಕ್ಕೆ ಮರದ ಟ್ಯಾಗ್, ಜೊತೆಗೆ ಅರಳಿಯ ಸಸ್ಯನಾಮ. ಸುತ್ತಿನ ಕಟ್ಟೆಗೆ ದುಂಡನೆಯ ಒಂದು ಗೆರೆ, ಕೂರುವ ಜಾಗ ಎಂಬ ಸೂಚನೆ. ಬುಡದ ನಾಗರಕಲ್ಲುಗಳಿಗೆ ದಾರಿಬದಿಯ ಗುಡಿಯ ಗುರುತು. ಮೂರನ್ನೂ ಮುದ್ದೆ ಮಾಡಿ ದೇವಸ್ಥಾನ ಎಂದು ಬರೆದರೆ ಸಂಜೆ ಅಲ್ಲಿ ಕೂತು ಪೇಪರ್ ಓದುವವರು ನಕ್ಷೆಯಿಂದ ಮಾಯವಾಗುತ್ತಾರೆ. ಬರೀ ಬೆಂಚು ಎಂದರೆ ಅರಿಶಿನ ಕುಂಕುಮ ಹಚ್ಚಿ ಹೋಗುವವರು ಮಾಯವಾಗುತ್ತಾರೆ.

ಇನ್ನು ಉಳಿದದ್ದು ಹೆಸರು. ಬೆಂಗಳೂರಿನ ನಕ್ಷೆಯಲ್ಲಿ ಹೆಚ್ಚಾಗಿ ಮೊದಲು ಕಾಣುವುದು ಇಂಗ್ಲಿಷ್ ಅಕ್ಷರ. ಕನ್ನಡದ ಹೆಸರಿಗೆ ನೇಮ್ ಎಂಬುದರ ಪಕ್ಕ ಕೆಎನ್ ಎಂದು ಸೇರಿಸಿದ ಪ್ರತ್ಯೇಕ ಕೀ ಇದೆ. ಅದನ್ನು ಸ್ವಯಂಸೇವಕರು ಒಂದೊಂದಾಗಿ ತುಂಬುತ್ತ ಬಂದಿದ್ದಾರೆ. ಅದರಲ್ಲೂ ಪದರಗಳಿವೆ. ಮೆಟ್ರೊ ನಿಲ್ದಾಣದ ಬೋರ್ಡಿನಲ್ಲಿ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿ ನಿಲ್ದಾಣ, ಹೊಸಹಳ್ಳಿ ಎಂದಿದೆ. ಇಳಿಯುವವರು ಹೊಸಹಳ್ಳಿ ಎನ್ನುತ್ತಾರೆ. ಹಂಪಿನಗರವನ್ನು ಆಟೊದವರಿಗೆ ಆರ್‌ಪಿಸಿ ಲೇಔಟ್ ಎಂದೇ ಹೇಳುವವರು ಬೇಕಾದಷ್ಟಿದ್ದಾರೆ. ಅಧಿಕೃತ ಹೆಸರು, ಇನ್ನೊಂದು ಹೆಸರು, ಹಳೆಯ ಹೆಸರು, ಊರವರ ಬಾಯಲ್ಲಿರುವ ಹೆಸರು ಎಂದು ನಾಲ್ಕಕ್ಕೂ ಈ ನಕ್ಷೆ ನಾಲ್ಕು ಕೀಗಳನ್ನು ಇಟ್ಟಿದೆ, ಯಾವುದನ್ನೂ ಅಳಿಸಬೇಕಿಲ್ಲ. ಫೋನಿನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ಹಾಕಿಕೊಂಡರೆ ನಡೆದಾಡುವಾಗಲೇ ಅದು ಕೇಳುತ್ತದೆ: ಈ ಅಂಗಳದಲ್ಲಿ ಯಾವ ಆಟ ಆಡುತ್ತಾರೆ, ಈ ಬೆಂಚಿಗೆ ಒರಗು ಇದೆಯೇ, ಈ ರಸ್ತೆಯ ಹೆಸರೇನು? ಬೀದಿ ಕೊನೆಯ ಪಾರ್ಕಿನ ಗೇಟಿನ ಮೇಲಿನ ಫಲಕವನ್ನು ಓದಿ, ಅಲ್ಲಿರುವ ಕನ್ನಡವನ್ನು ಇದ್ದ ಹಾಗೆಯೇ, ಒತ್ತು ದೀರ್ಘ ತಪ್ಪದಂತೆ, ಟೈಪ್ ಮಾಡಿ ಸೇರಿಸಲು ಎರಡು ನಿಮಿಷ ಸಾಕು. ಒಳಗೆ ಹೋದ ಮೇಲೆ ಉಯ್ಯಾಲೆಗಳನ್ನೂ ಎಣಿಸಿಕೊಂಡು ಬನ್ನಿ.